ಗತಕಾಲದ ಯುದ್ಧವಿಮಾನಗಳ ಕಿರುಪ್ರತಿಕೃತಿ: ನಿರ್ಮಾಣ ಮತ್ತು ಹಾರಾಟದ ಒಂದು ಅಭ್ಯಾಸ

ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಯುದ್ಧವಿಮಾನದ ಪ್ರಸ್ತಾಪವನ್ನು ಕಂಡು ಕೆಲವು ಹಿರಿಯರಿಗೆ ಮುಜುಗರವಾದೀತು. ಕರುಣೆಯ ಪಾಠ ಹೇಳುವ ಕಟ್ಟಡದಲ್ಲಿ ಮಕ್ಕಳ ಕೈಗೆ ಸಂಹಾರಯಂತ್ರದ ಆಕಾರವನ್ನು ಕೊಡಬಹುದೇ ಎಂಬ ಪ್ರಶ್ನೆ ಸಹಜವಾದುದು. ಅದನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಪ್ರಸ್ತುತ ಲೇಖಕನಿಗೂ ಆ ಅಳುಕು ಬಹುಕಾಲ ಇದ್ದಿತು. ಆದರೆ ಹಳೆಯ ಯುದ್ಧವಿಮಾನವೊಂದರ ಕಿರುಪ್ರತಿಕೃತಿಯನ್ನು ಅಳತೆಗೆ ತಪ್ಪದಂತೆ ಕಟ್ಟಿ, ಅದು ಹಾರುವಂತೆ ಮಾಡುವಷ್ಟರಲ್ಲಿ ವಿದ್ಯಾರ್ಥಿಯು ಕಲಿಯುವ ಗಣಿತ, ಭೌತಶಾಸ್ತ್ರ, ಮರಗೆಲಸ, ಇತಿಹಾಸ ಹಾಗೂ ತಾಳ್ಮೆಯನ್ನು ಬೇರೊಂದು ವಸ್ತುವಿನ ಮೂಲಕ ಒಂದೇ ಬಾರಿಗೆ ಕಲಿಸುವುದು ಕಷ್ಟವೆಂದು ಅನುಭವದಿಂದ ತಿಳಿದುಬಂದಿದೆ. ವಿಮಾನದ ಹೆಸರನ್ನು ಹೇಳುವಾಗ ಅದು ಎಲ್ಲಿ ಯಾರ ಮೇಲೆ ಬಾಂಬು ಸುರಿಯಿತೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೇಳದೆ ಬಿಡುವುದಾದರೆ ಆ ಪಾಠವನ್ನೇ ಕೈಗೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಭಟ್ಕಳದ ಮಕ್ಕಳಿಗಂತೂ ಇದು ದೂರದ ಮಾತಲ್ಲ. ಮುರ್ಡೇಶ್ವರದ ದಡದಲ್ಲಿ ನಿಂತರೆ ಕಾಣುವ ನೇತ್ರಾಣಿ ದ್ವೀಪವು ನೌಕಾಪಡೆಯ ಗುರಿತಾಲೀಮಿಗೆ ಬಳಕೆಯಾದ ನೆಲವೇ ಆಗಿದೆ.

ಪ್ರತಿಕೃತಿ ಎಂಬ ಮಾತನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಅಂಗಡಿಯಲ್ಲಿ ಸಿಗುವ ಆಟಿಕೆಯ ವಿಮಾನವು ವಿಮಾನದಂತೆ ಕಾಣುತ್ತದೆ, ಅಷ್ಟೆ. ಪ್ರತಿಕೃತಿಯಾದರೋ ಒಂದು ನಿರ್ದಿಷ್ಟ ವಿಮಾನದ ಪ್ರತಿಯೊಂದು ಅಳತೆಯನ್ನೂ ಒಂದೇ ಪ್ರಮಾಣದಿಂದ ಭಾಗಿಸಿ ಪಡೆದ ರೂಪ. ಎಂಟನೆಯ ಒಂದು ಪ್ರಮಾಣವೆಂದರೆ ರೆಕ್ಕೆಯೂ ಎಂಟನೆಯ ಒಂದು, ಚಕ್ರವೂ ಎಂಟನೆಯ ಒಂದು. ಇದರಲ್ಲಿ ಗಾಜಿನ ಪೆಟ್ಟಿಗೆಯಲ್ಲಿಡುವ ಸ್ಥಿರಮಾದರಿಯುಂಟು. ಹದಿನೈದು ಹದಿನೆಂಟು ಮೀಟರಿನ ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ಹಾರಿಸುವವನ ಸುತ್ತ ವೃತ್ತಾಕಾರವಾಗಿ ಹಾರುವ ಮಾದರಿಯುಂಟು. ರೇಡಿಯೋ ಅಲೆಗಳಿಂದ ನಿಯಂತ್ರಿಸುವ ಮಾದರಿಯುಂಟು. ಎನ್.ಸಿ.ಸಿ.ಯ ವಾಯುವಿಭಾಗದಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಏರೋಮಾಡೆಲಿಂಗ್ ಎಂಬ ಹೆಸರೂ, ತಂತಿಯ ವಿಮಾನದ ಹರಳೆಣ್ಣೆ ಬೆರೆತ ಹೊಗೆಯ ವಾಸನೆಯೂ ನೆನಪಿರಬೇಕು. ಈಗ ಸಣ್ಣ ಎಂಜಿನ್ನಿನ ಸ್ಥಾನವನ್ನು ಬಹುಮಟ್ಟಿಗೆ ವಿದ್ಯುತ್ ಮೋಟಾರು ಆಕ್ರಮಿಸಿದೆ. ಕಲಿಯುವ ಕೈಗೆ ಇದೇ ಹಿತ.

ಯಾವ ವಿಮಾನವನ್ನು ಆರಿಸಿಕೊಳ್ಳಬೇಕು? ಮಕ್ಕಳನ್ನು ಕೇಳಿದರೆ ಎಲ್ಲರೂ ಇಂಗ್ಲೆಂಡಿನ ಸ್ಪಿಟ್‌ಫೈರನ್ನೇ ಹೇಳುತ್ತಾರೆ. ಅದರ ದೀರ್ಘವೃತ್ತಾಕಾರದ ರೆಕ್ಕೆ ಸುಂದರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಟ್ಟಲು ಕಷ್ಟ, ಇಳಿಸಲು ಇನ್ನೂ ಕಷ್ಟ, ಏಕೆಂದರೆ ಅದರ ಚಕ್ರಗಳ ನಡುವಣ ಅಂತರ ಕಿರಿದು. ನಮ್ಮ ನಾಡಿನಲ್ಲಿಯೇ ಕಟ್ಟಲ್ಪಟ್ಟ ವಿಮಾನಗಳಿರುವಾಗ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನ ಹಾರಿತು. 1942ರಲ್ಲಿ ಅಮೆರಿಕದ ಕರ್ಟಿಸ್ ಹಾಕ್-75 ಎಂಬ ಯುದ್ಧವಿಮಾನವು ಅದೇ ಕಾರ್ಖಾನೆಯಿಂದ ಹೊರಬಂದು ಹಾರಿತು. ಜಪಾನಿನ ಸೈನ್ಯ ಬರ್ಮಾದವರೆಗೆ ಬಂದಿದ್ದ ಕಾಲವದು. ಹೊಸ ವಿಮಾನ ಕಟ್ಟುವುದಕ್ಕಿಂತ ಕೆಟ್ಟ ವಿಮಾನ ರಿಪೇರಿ ಮಾಡುವುದು ತುರ್ತೆನಿಸಿ ಕಾರ್ಖಾನೆಯು ಬೇಗನೆ ಆ ಕೆಲಸಕ್ಕೆ ತಿರುಗಿತು. ರಿಪೇರಿಗೆ ಬಂದ ಕ್ಯಾಟಲೀನಾ ಎಂಬ ನೀರಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದುವು ಎಂಬುದನ್ನು ಈಗಿನ ಬೆಳ್ಳಂದೂರನ್ನು ಕಂಡವರು ನಂಬಲಾರರು.

ಸ್ವಾತಂತ್ರ್ಯಾನಂತರ, ಗಟಿಂಗೆನ್ನಿನಲ್ಲಿ ಪ್ರಾಂಡ್ಟಲ್‌ರ ಶಿಷ್ಯರಾಗಿದ್ದ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1956ರಲ್ಲಿ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರರು ಬೆಂಗಳೂರಿಗೆ ಬಂದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಪ್ರಸಿದ್ಧ ಫೋಕೆ-ವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿದವರು ಇವರೇ. ಅವರ ಮಾರ್ಗದರ್ಶನದಲ್ಲಿ ಹುಟ್ಟಿದ್ದು ಎಚ್.ಎಫ್.-24 'ಮರುತ್'. ಇಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಅದನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಹೇಳತಕ್ಕದ್ದು. ಜೆಟ್ ಎಂಜಿನ್ ಹೊತ್ತ ಮರುತ್ ಹಾರುವುದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಅದೇ ಆಕಾರದ ಅದೇ ಗಾತ್ರದ ಒಂದು ಮರದ ಗ್ಲೈಡರನ್ನು ಕಾರ್ಖಾನೆಯಲ್ಲಿ ಕಟ್ಟಲಾಯಿತು. ಅದಕ್ಕೆ ಎಂಜಿನ್ ಇರಲಿಲ್ಲ. ಡಕೋಟಾ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲೇರಿ ಬಿಟ್ಟುಬಿಡುತ್ತಿತ್ತು. ಒಳಗೆ ಕುಳಿತ ಇಬ್ಬರು ಅದನ್ನು ಜಾರಿಸುತ್ತ ಇಳಿಸುತ್ತಿದ್ದರು. ಹೀಗೆ ಎಪ್ಪತ್ತಕ್ಕೂ ಮಿಕ್ಕಿ ಹಾರಾಟಗಳು ನಡೆದುವು. ಹಿಂದಕ್ಕೆ ಬಾಗಿದ ರೆಕ್ಕೆಯುಳ್ಳ ಆ ಆಕಾರವು ನಿಧಾನ ವೇಗದಲ್ಲಿ ಹೇಗೆ ವರ್ತಿಸುತ್ತದೆಂಬುದು ಮರದ ಪ್ರತಿಕೃತಿಯಿಂದ ತಿಳಿದ ಮೇಲೆಯೇ 1961ರ ಜೂನ್ ತಿಂಗಳಲ್ಲಿ ವಿಂಗ್ ಕಮಾಂಡರ್ ಸುರಂಜನ್ ದಾಸರು ನಿಜವಾದ ಮರುತ್ ವಿಮಾನವನ್ನು ಮೇಲೇರಿಸಿದರು. ಮಾದರಿ ಕಟ್ಟುವುದು ಮಕ್ಕಳಾಟವೆಂದು ಭಾವಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಮರುತ್‌ನ ಮುಂದಿನ ಕಥೆ ಅಷ್ಟು ಸುಖಕರವಲ್ಲ. ಅದಕ್ಕೆಂದು ಯೋಚಿಸಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ಕೈಗೆ ಸಿಗಲಿಲ್ಲ. ಕಡಿಮೆ ಬಲದ ಎರಡು ಎಂಜಿನ್ನುಗಳಿಂದಲೇ ತೃಪ್ತಿಪಡಬೇಕಾಯಿತು. ಒಟ್ಟು 147 ವಿಮಾನಗಳು ತಯಾರಾಗಿ, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಬಳಕೆಯಾದುವು. ಅದರ ಮೊದಲ ಚಾಲಕರಾದ ಸುರಂಜನ್ ದಾಸರು 1970ರ ಜನವರಿಯಲ್ಲಿ ಅದೇ ವಿಮಾನದ ಸುಧಾರಿತ ರೂಪವೊಂದನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ಮಡಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ ಕಾಣೆ.

ಇಲ್ಲಿಯೇ ಒಂದು ಮಾತು. ವಿಮಾನದ ಪಾಠವೆಂದೊಡನೆ ಸಭೆಯಲ್ಲಿ ಯಾರಾದರೊಬ್ಬರು ಎದ್ದು 'ವೈಮಾನಿಕ ಶಾಸ್ತ್ರ'ವನ್ನು ಎತ್ತುವುದುಂಟು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ಈ ಗ್ರಂಥವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರಿಶೀಲಿಸಿ 1974ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಗ್ರಂಥವು 1904ಕ್ಕಿಂತ ಹಿಂದಿನದಲ್ಲ, ಅದರ ಚಿತ್ರಗಳಲ್ಲಿರುವ ವಿಮಾನಗಳು ಹಾರಲಾರವು ಎಂಬುದು ಅವರ ಅಭಿಮತ. ಅದನ್ನೂ ತರಗತಿಯಲ್ಲಿ ಹೇಳಬೇಕು. ಹಾರುವುದೋ ಇಲ್ಲವೋ ಎಂಬುದನ್ನು ಲೆಕ್ಕ ಹಾಕಿ ತಿಳಿಯಬಹುದು ಎಂಬುದೇ ಈ ಅಭ್ಯಾಸದ ತಿರುಳು.

ಆ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಹಾಕ್-75ನ್ನೇ ತೆಗೆದುಕೊಳ್ಳೋಣ. ರೆಕ್ಕೆಯ ತುದಿಯಿಂದ ತುದಿಗೆ ಅದರ ಅಗಲ 11.38 ಮೀಟರು, ಉದ್ದ 8.69 ಮೀಟರು, ರೆಕ್ಕೆಯ ವಿಸ್ತೀರ್ಣ 21.9 ಚದರ ಮೀಟರು. ಅಮೆರಿಕದ ಪಿ-36 ರೂಪದಲ್ಲಿ ಹಾರಾಟದ ತೂಕ ಸುಮಾರು 2,560 ಕಿಲೋಗ್ರಾಂ. ಎಂಟನೆಯ ಒಂದು ಪ್ರಮಾಣದಲ್ಲಿ ಅಗಲ 1.42 ಮೀಟರು, ಉದ್ದ 1.09 ಮೀಟರು ಆಗುತ್ತದೆ. ಇಷ್ಟರವರೆಗೆ ಏಳನೆಯ ತರಗತಿಯ ಗಣಿತ ಸಾಕು. ವಿಸ್ತೀರ್ಣವನ್ನು ಕೇಳಿದಾಗ ತರಗತಿಯ ಅರ್ಧದಷ್ಟು ಮಕ್ಕಳು ಅದನ್ನೂ ಎಂಟರಿಂದ ಭಾಗಿಸುತ್ತಾರೆ. ಭಾಗಿಸಲಿ, ಆ ಮೇಲೆ ಕಾಗದ ಕತ್ತರಿಸಿ ತೋರಿಸಿದರೆ ಅರುವತ್ತನಾಲ್ಕರಿಂದ ಭಾಗಿಸಬೇಕೆಂಬುದು ಅವರಿಗೇ ಹೊಳೆಯುತ್ತದೆ. ವಿಸ್ತೀರ್ಣ 0.34 ಚದರ ಮೀಟರು. ತೂಕವಾದರೋ ಗಾತ್ರವನ್ನು ಅನುಸರಿಸುವುದರಿಂದ 512ರಿಂದ ಭಾಗಿಸಬೇಕು: ಐದು ಕಿಲೋಗ್ರಾಂ.

ಇದರಿಂದ ಒಂದು ಸ್ವಾರಸ್ಯ ಹೊರಡುತ್ತದೆ. ನಿಜ ವಿಮಾನದಲ್ಲಿ ರೆಕ್ಕೆಯ ಪ್ರತಿ ಚದರ ಮೀಟರು ಸುಮಾರು 117 ಕಿಲೋಗ್ರಾಂ ಹೊರುತ್ತಿತ್ತು. ಮಾದರಿಯ ರೆಕ್ಕೆ ಹೊರಬೇಕಾದುದು 15 ಕಿಲೋಗ್ರಾಮಿಗೂ ಕಡಿಮೆ. ಚಿಕ್ಕದಾದಷ್ಟೂ ಹೊರೆ ಹಗುರ. ಹಾಗಾದರೆ ಚಿಕ್ಕ ವಿಮಾನ ಹಾರಿಸುವುದು ಸುಲಭವೇ? ಅಲ್ಲ. ಗಾಳಿಯನ್ನು ಚಿಕ್ಕದು ಮಾಡಲು ನಮಗೆ ಸಾಧ್ಯವಿಲ್ಲ. ಮಾದರಿಯ ರೆಕ್ಕೆಗೆ ಅದೇ ಗಾಳಿಯು ಹೆಚ್ಚು ಅಂಟಂಟಾಗಿ, ಹೆಚ್ಚು ದಪ್ಪವಾಗಿ ವರ್ತಿಸುತ್ತದೆ. ಇದನ್ನು ಅಳೆಯುವ ರೆನಾಲ್ಡ್ಸ್ ಸಂಖ್ಯೆ ನಿಜ ವಿಮಾನಕ್ಕೆ ಒಂದು ಕೋಟಿಯನ್ನು ಮೀರಿದರೆ, ಸೆಕೆಂಡಿಗೆ 12 ಮೀಟರು ಹಾರುವ ನಮ್ಮ ಮಾದರಿಗೆ ಎರಡು ಲಕ್ಷದ ಆಸುಪಾಸು ಮಾತ್ರ. ಇಂಥ ಗಾಳಿಯಲ್ಲಿ ರೆಕ್ಕೆಯು ಬೇಗನೆ ಹಿಡಿತ ತಪ್ಪುತ್ತದೆ. ಅದರಲ್ಲೂ ತುದಿಯ ಕಡೆ ಕಿರಿದಾಗುತ್ತ ಹೋಗುವ ಯುದ್ಧವಿಮಾನದ ರೆಕ್ಕೆಯಲ್ಲಿ ತುದಿಯೇ ಮೊದಲು ಸೋತು, ವಿಮಾನ ಮಗ್ಗುಲಿಗೆ ಉರುಳಿ ಬೀಳುತ್ತದೆ. ಅದಕ್ಕಾಗಿ ರೆಕ್ಕೆಯನ್ನು ಕಟ್ಟುವಾಗಲೇ ತುದಿಯ ಹಿಂಬದಿಯ ಅಂಚನ್ನು ಎರಡು ಡಿಗ್ರಿಯಷ್ಟು ಮೇಲಕ್ಕೆ ತಿರುಚಿ ಒಣಗಿಸುವ ರೂಢಿಯಿದೆ. ನಕಾಶೆಯಲ್ಲಿ ಕಾಣದ ಈ ಎರಡು ಡಿಗ್ರಿ ಎಷ್ಟೋ ಮಾದರಿಗಳನ್ನು ಉಳಿಸಿದೆ.

ಐದು ಕಿಲೋಗ್ರಾಂ ತೂಗುವ ಮಾದರಿ ಆಕಾಶದಲ್ಲಿ ನಿಲ್ಲಬೇಕಾದರೆ ಗಂಟೆಗೆ ಕನಿಷ್ಠ 55 ಕಿಲೋಮೀಟರು ವೇಗ ಬೇಕು. ತೂಕವನ್ನು ಎರಡೂವರೆ ಕಿಲೋಗ್ರಾಮಿಗೆ ಇಳಿಸಿದರೆ 39 ಕಿಲೋಮೀಟರು ಸಾಕು. ಇಳಿಸುವ ಮಗುವಿನ ಕೈಗೂ ಎದುರಿಗೆ ನಿಂತವರ ಮೈಗೂ ಈ ವ್ಯತ್ಯಾಸ ಸಣ್ಣದಲ್ಲ. ಆದುದರಿಂದ ಪ್ರಮಾಣಬದ್ಧ ತೂಕದ ಅರ್ಧವೇ ನಮ್ಮ ಗುರಿಯಾಗಿರಬೇಕು. ಇನ್ನೊಂದು ವಿಚಾರ ನೋಡಿ. ನಿಜ ವಿಮಾನದ ಗರಿಷ್ಠ ವೇಗ ಗಂಟೆಗೆ 504 ಕಿಲೋಮೀಟರು. ಮಾದರಿಯು 63 ಕಿಲೋಮೀಟರು ವೇಗದಲ್ಲಿ ಹಾರಿದರೆ, ತನ್ನ ಉದ್ದದ ಲೆಕ್ಕದಲ್ಲಿ ಅಷ್ಟೇ ದೂರವನ್ನು ಅಷ್ಟೇ ಸಮಯದಲ್ಲಿ ಕ್ರಮಿಸಿ, ನೋಡುವವರಿಗೆ ಪೂರ್ಣವೇಗದ ಹಾಕ್‌ನಂತೆಯೇ ಕಾಣುತ್ತದೆ. ಆದರೆ 39 ಕಿಲೋಮೀಟರಿನಲ್ಲಿ ಇಳಿಯುವಾಗ ನಿಜ ವಿಮಾನವು 312 ಕಿಲೋಮೀಟರಿನಲ್ಲಿ ನೆಲ ಮುಟ್ಟಿದಂತೆ ತೋರುತ್ತದೆ. ನಿಜ ವಿಮಾನ ಅದರ ಅರ್ಧಕ್ಕೂ ಕಡಿಮೆ ವೇಗದಲ್ಲಿ ಇಳಿಯುತ್ತಿತ್ತು. ಹಾರುವಾಗ ನಿಜವೆನಿಸುವ ಪ್ರತಿಕೃತಿ ಇಳಿಯುವಾಗ ಆಟಿಕೆಯಂತೆ ಕಾಣುವುದು ಹಾರಿಸುವವನ ತಪ್ಪಿನಿಂದಲ್ಲ.

ಮೋಟಾರಿನ ಬಲಕ್ಕೆ ಒಂದು ಸ್ಥೂಲ ಲೆಕ್ಕವುಂಟು: ಪ್ರತಿ ಕಿಲೋಗ್ರಾಂ ತೂಕಕ್ಕೆ 150 ವ್ಯಾಟ್. ಎರಡೂವರೆ ಕಿಲೋಗ್ರಾಮಿಗೆ 375 ವ್ಯಾಟ್ ಆಯಿತು. 14.8 ವೋಲ್ಟಿನ ಬ್ಯಾಟರಿಯಿಂದ 25 ಆಂಪಿಯರ್ ಹರಿದರೆ ಅಷ್ಟು ದೊರೆಯುತ್ತದೆ. ಹತ್ತನೆಯ ತರಗತಿಯ ವಿದ್ಯುತ್ ಪಾಠವನ್ನು ಇಲ್ಲಿ ಮಾಡಿಸಿದರೆ ಬೇರೆ ಉದಾಹರಣೆ ಬೇಕಾಗದು.

ಸಾಮಗ್ರಿಯ ವಿಷಯ. ಮಾದರಿ ವಿಮಾನಕ್ಕೆ ಜಗತ್ತಿನಾದ್ಯಂತ ಬಳಸುವ ಬಾಲ್ಸಾ ಮರ ದಕ್ಷಿಣ ಅಮೆರಿಕದ ಈಕ್ವಡಾರಿನಿಂದ ಬರುತ್ತದೆ, ಬೆಲೆ ಹೆಚ್ಚು. ರೆಕ್ಕೆಯ ಪಕ್ಕೆಲುಬುಗಳಿಗೆ, ಒಡಲಿನ ಹೊದಿಕೆಗೆ ಅದು ಬೇಕೇ ಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಥರ್ಮೋಕೋಲಿನ ದಪ್ಪ ಹಲಗೆಯನ್ನು ಬಿಸಿತಂತಿಯಿಂದ ಕೊಯ್ದು, ಮೇಲೆ ತೆಳುಕಾಗದವನ್ನು ಅಂಟಿಸಿದ ರೆಕ್ಕೆಯೂ ಚೆನ್ನಾಗಿ ಹಾರುತ್ತದೆ. ರೆಕ್ಕೆಯ ನಡುವೆ ಹಾಯುವ ಬೆನ್ನೆಲುಬಿಗೆ ನಮ್ಮ ಬಿದಿರಿನ ಸೀಳು ಅತ್ಯುತ್ತಮ.

ಕುಮಟಾ ಹೊನ್ನಾವರಗಳ ಶಾಲೆಗಳಿಗೆ ಬೆಂಗಳೂರಿಗಿಲ್ಲದ ಸಂಪತ್ತೊಂದಿದೆ: ಗುಡಿಗಾರರು. ಶ್ರೀಗಂಧದ ಕೆತ್ತನೆಗೆ ಹೆಸರಾದ ಈ ಮನೆತನಗಳು ಬೆಂಡಿನ ಕೆಲಸದಲ್ಲಿಯೂ ಅಷ್ಟೇ ನಿಪುಣರು. ಮದುವೆಯ ಬಾಸಿಂಗವನ್ನು ನೋಡಿದವರು ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳುವ ಕೈಚಳಕವನ್ನು ಬಲ್ಲರು. ಬೆಂಡಿಗೆ ಬಾಲ್ಸಾದ ಗಟ್ಟಿತನವಿಲ್ಲ. ಭಾರ ಹೊರುವ ಭಾಗಗಳಿಗೆ ಅದನ್ನು ನೆಚ್ಚುವಂತಿಲ್ಲ. ಆದರೆ ಚಾಲಕನ ಆಸನ, ಎಂಜಿನ್ನಿನ ಸುತ್ತಣ ದುಂಡು ಮುಸುಕಿನೊಳಗೆ ಕಾಣುವ ಸಿಲಿಂಡರುಗಳು, ರೆಕ್ಕೆಯ ಬುಡದ ಬಾಗು ಮೊದಲಾದ ಕಡೆ ಅದರಷ್ಟು ಹಗುರವಾದ, ಕೆತ್ತಲು ಸುಲಭವಾದ ವಸ್ತು ಇನ್ನೊಂದಿಲ್ಲ. ಗುಡಿಗಾರ ಹಿರಿಯರೊಬ್ಬರನ್ನು ಶಾಲೆಗೆ ಕರೆತಂದು, ಗುರುವಿನ ಮರ್ಯಾದೆ ಸಲ್ಲಿಸಿ, ಉಳಿ ಹಿಡಿಯುವುದನ್ನು ಮಕ್ಕಳಿಗೆ ತೋರಿಸುವಂತೆ ಪ್ರಾರ್ಥಿಸಬೇಕು. ಕಾಯಕದ ಮಾತನ್ನು ವೇದಿಕೆಯ ಮೇಲೆ ನಾವು ಬಹಳ ಆಡುತ್ತೇವೆ. ಕಾಯಕಜೀವಿಯನ್ನು ತರಗತಿಯೊಳಗೆ ಕೂರಿಸುವುದು ಅಪರೂಪ.

ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಹಾರಾಟದ ಮಾತೇ ಇಲ್ಲ. ಅದು ಕಟ್ಟುವ ಕಾಲ. ಆದರೆ ಆ ತಿಂಗಳುಗಳ ಥಂಡಿ ಕಟ್ಟುವವನಿಗೂ ಶತ್ರು. ತೆಳುಹಲಗೆ ರಾತ್ರಿ ಕಳೆಯುವುದರೊಳಗೆ ಸೊಟ್ಟಗಾಗುತ್ತದೆ, ಅಂಟು ಒಣಗುವುದಿಲ್ಲ, ಬಿಗಿದು ಹೊದಿಸಿದ ಕಾಗದ ಬೆಳಗಾಗುವಷ್ಟರಲ್ಲಿ ಸಡಿಲಗೊಂಡಿರುತ್ತದೆ. ರೆಕ್ಕೆಯನ್ನು ಸಮತಟ್ಟಾದ ಹಲಗೆಗೆ ಗುಂಡುಸೂಜಿಯಿಂದ ಬಿಗಿದು, ಮೇಲೆ ಬಲ್ಬೊಂದನ್ನು ಉರಿಸಿಟ್ಟು ಎರಡು ದಿನ ಬಿಡುವುದು ಲೇಸು. ಬಣ್ಣ ಬಳಿಯುವುದನ್ನು ನವರಾತ್ರಿಯ ನಂತರಕ್ಕೆ ಇಟ್ಟುಕೊಳ್ಳತಕ್ಕದ್ದು.

ಬಣ್ಣದ ಮಾತು ಬಂದುದರಿಂದ, ಹೇಳಲು ಹಿತವಲ್ಲದಿದ್ದರೂ, ನನ್ನದೇ ಪ್ರಮಾದವೊಂದನ್ನು ಇಲ್ಲಿ ದಾಖಲಿಸಬೇಕಾಗಿದೆ. ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಮಕ್ಕಳೂ ನಾನೂ ಸೇರಿ ಐದು ತಿಂಗಳು ಕಷ್ಟಪಟ್ಟು ಇಂಥದೇ ಒಂದು ಹಾಕ್ ಮಾದರಿಯನ್ನು ಕಟ್ಟಿದ್ದೆವು. ವಿಮಾನದ ತೂಕವೆಲ್ಲ ಒಂದೆಡೆ ಸೇರಿದಂತಿರುವ ಬಿಂದು, ಅಂದರೆ ಗುರುತ್ವಕೇಂದ್ರವು, ರೆಕ್ಕೆಯ ಸರಾಸರಿ ಅಗಲದ ಮುಂದಂಚಿನಿಂದ ನೂರಕ್ಕೆ 25ರಿಂದ 30ರೊಳಗೆ ಇರಬೇಕೆಂಬುದು ನಿಯಮ. ನಮ್ಮದು 28ರಲ್ಲಿತ್ತು. ವಾರ್ಷಿಕೋತ್ಸವದ ಹಿಂದಿನ ದಿನ ಬಾಲದ ಬಣ್ಣ ಮಾಸಿದಂತೆ ತೋರಿತೆಂದು ಹುಡುಗರು ಎನಾಮೆಲ್ ಬಣ್ಣವನ್ನು ಮತ್ತೆರಡು ಸಲ ಬಳಿದರು. ಬೆಳಿಗ್ಗೆ ಅತಿಥಿಗಳು ಬಂದು ಕುಳಿತಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಇನ್ನೊಮ್ಮೆ ಬೆರಳ ಮೇಲೆ ತೂಗಿ ನೋಡೋಣವೇ?" ಎಂದು ಕೇಳಿದಳು. "ನಿನ್ನೆ ತಾನೇ ನೋಡಿದ್ದೇವಲ್ಲ, ಹೊತ್ತಾಯಿತು" ಎಂದು ನಾನು ಅವಳನ್ನು ಸುಮ್ಮನಾಗಿಸಿದೆ.

ವಿಮಾನ ನೆಲ ಬಿಟ್ಟೊಡನೆ ಮೂಗನ್ನು ಎತ್ತಿತು. ನಾನು ತಗ್ಗಿಸಿದೆ, ಅತಿಯಾಗಿ ತಗ್ಗಿತು. ಎತ್ತಿದೆ, ಇನ್ನೂ ಅತಿಯಾಗಿ ಎದ್ದು, ಕ್ಷಣಕಾಲ ಆಕಾಶದಲ್ಲಿ ನಿಂತಂತಾಗಿ, ಎಡಕ್ಕೆ ಉರುಳಿ, ಮಕ್ಕಳು ಸಾಲಾಗಿ ಕುಳಿತಿದ್ದ ಸ್ಥಳದಿಂದ ಹದಿನೈದು ಹೆಜ್ಜೆ ಈಚೆಗೆ ನೆಲಕ್ಕೆ ಅಪ್ಪಳಿಸಿತು. ಮೋಟಾರು ಒಂದು ಗೇಣು ನೆಲದೊಳಗೆ ಹೂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅದಕ್ಕೆ ನನ್ನ ಜಾಣತನ ಕಾರಣವಲ್ಲ.

ಸಂಜೆ ಅದೇ ಹುಡುಗಿ ಲೆಕ್ಕ ಹಾಕಿ ತಂದು ತೋರಿಸಿದಳು. ಬಣ್ಣದ ತೂಕ 60 ಗ್ರಾಂ. ಅದು ಗುರುತ್ವಕೇಂದ್ರದಿಂದ 70 ಸೆಂಟಿಮೀಟರು ಹಿಂದೆ. ಎರಡನ್ನೂ ಗುಣಿಸಿ ಒಟ್ಟು ತೂಕವಾದ 2,560 ಗ್ರಾಮಿನಿಂದ ಭಾಗಿಸಿದರೆ ಕೇಂದ್ರವು 1.6 ಸೆಂಟಿಮೀಟರು ಹಿಂದಕ್ಕೆ ಸರಿದಂತಾಯಿತು. ರೆಕ್ಕೆಯ ಸರಾಸರಿ ಅಗಲ 24 ಸೆಂಟಿಮೀಟರು. ಅಂದರೆ 28ರಲ್ಲಿದ್ದುದು 35ಕ್ಕೆ ಹೋಗಿತ್ತು. ಅದನ್ನು ಸರಿಪಡಿಸಲು ಕೇಂದ್ರದಿಂದ 28 ಸೆಂಟಿಮೀಟರು ಮುಂದಿರುವ ಮೂಗಿನಲ್ಲಿ 150 ಗ್ರಾಂ ಸೀಸವನ್ನು ಇಡಬೇಕಾಗುತ್ತಿತ್ತು. ಬಾಲದಲ್ಲಿ ಒಂದು ಗ್ರಾಂ ಹೆಚ್ಚಿದರೆ ಮೂಗಿನಲ್ಲಿ ಎರಡೂವರೆ ಗ್ರಾಂ ದಂಡ. ಮೋಟುಮೂಗಿನ ಹಳೆಯ ಯುದ್ಧವಿಮಾನಗಳೆಲ್ಲದರ ಪಾಡೂ ಇದೇ. ಅಂದಿನಿಂದ ಹಾರಾಟಕ್ಕೆ ಮುನ್ನ ಗುರುತ್ವಕೇಂದ್ರವನ್ನು ನೋಡಿ ಪಟ್ಟಿಯಲ್ಲಿ ಸಹಿ ಹಾಕುವ ಅಧಿಕಾರವನ್ನು ವಿದ್ಯಾರ್ಥಿಯೊಬ್ಬರಿಗೆ ಕೊಟ್ಟಿದ್ದೇನೆ. ಆ ಸಹಿ ಇಲ್ಲದೆ ಮಾಸ್ತರನೂ ಹಾರಿಸುವಂತಿಲ್ಲ. ಎದುರಿಗೆ ಯಾರೇ ಗಣ್ಯರು ಕುಳಿತಿರಲಿ.

ಪ್ರತಿಕೃತಿಯ ನಿಷ್ಠೆಯ ಬಗ್ಗೆ ಬಲ್ಲವರಲ್ಲಿ ಒಂದು ವಾದವಿದೆ. ಹಾರುವ ಮಾದರಿಯಲ್ಲಿ ಬಾಲದ ಅಡ್ಡಪಟ್ಟಿಯನ್ನು ಪ್ರಮಾಣಕ್ಕಿಂತ ನೂರಕ್ಕೆ ಹತ್ತರಷ್ಟು ದೊಡ್ಡದು ಮಾಡಿದರೆ ವಿಮಾನ ಸ್ಥಿರವಾಗುತ್ತದೆ; ಹಾಗೆ ಮಾಡುವುದು ಸುಳ್ಳಲ್ಲವೇ? ನನ್ನ ಮಟ್ಟಿಗೆ, ಗಾಜಿನ ಪೆಟ್ಟಿಗೆಯ ಮಾದರಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಸಲ್ಲದು. ಹಾರುವುದರಲ್ಲಿ ಸಲ್ಲುತ್ತದೆ, ಆದರೆ ಎಷ್ಟು ಬದಲಿಸಿದೆವೆಂಬುದನ್ನು ಮಾದರಿಯ ಜೊತೆಗಿಡುವ ಚೀಟಿಯಲ್ಲಿ ಬರೆದಿರಬೇಕು.

ಹಾರಿಸುವ ಸ್ಥಳ ಯಾವುದು? ಹೊರಗಿನವರು ನಮ್ಮ ಉದ್ದನೆಯ ಮರಳದಂಡೆಗಳನ್ನು ನೋಡಿ ಇದಕ್ಕಿಂತ ಒಳ್ಳೆಯ ಬಯಲು ಉಂಟೇ ಎನ್ನುತ್ತಾರೆ. ಉಂಟು. ಮರಳು ಮೋಟಾರಿನ ಕಾಂತಕ್ಕೆ ಅಂಟುತ್ತದೆ. ಉಪ್ಪುಗಾಳಿ ತಂತಿಗಳನ್ನು ಕಿಲುಬು ಹಿಡಿಸುತ್ತದೆ. ಮೆತ್ತನೆಯ ಮರಳಲ್ಲಿ ಚಿಕ್ಕ ಚಕ್ರ ಹೂತು ವಿಮಾನ ಮುಗ್ಗರಿಸುತ್ತದೆ. ಇದಕ್ಕಿಂತ ಮುಖ್ಯವಾಗಿ ದಂಡೆ ಖಾಲಿಯಾಗಿರುವುದಿಲ್ಲ. ಬೆಳಿಗ್ಗೆ ರಂಪಣಿ ಎಳೆಯುವವರಿರುತ್ತಾರೆ, ಮೀನು ಒಣಗಿಸುವ ಹೆಂಗಸರಿರುತ್ತಾರೆ, ಮುರ್ಡೇಶ್ವರದಲ್ಲಿ ಯಾತ್ರಿಕರ ಜಂಗುಳಿ. ಹೊನ್ನಾವರದ ಟೊಂಕಾ ದಂಡೆಯಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ; ಅಲ್ಲಿ ನಾವು ಕಾಲಿಡದಿರುವುದೇ ಸರಿ. ಅಘನಾಶಿನಿಯ ಗಜನಿ ಭೂಮಿ ನೋಡಲು ಸಮತಟ್ಟಾದರೂ ಕಗ್ಗದ ಕೊಯಿಲಿನ ನಂತರ ಉಪ್ಪುನೀರು ತುಂಬಿರುತ್ತದೆ. ಸುಗ್ಗಿ ಮುಗಿದ ಬಯಲುಗದ್ದೆ, ಇಲ್ಲವೇ ಊರಿನಿಂದ ದೂರದ ಚಿರೇಕಲ್ಲಿನ ಹಾಸುಬಯಲು, ಒಡೆಯರ ಒಪ್ಪಿಗೆ ಪಡೆದ ಬೇಣ: ಇವು ಯೋಗ್ಯ. ಹದ್ದು ಮತ್ತು ಕಡಲಹದ್ದುಗಳು ಸುತ್ತುವುದು ಕಂಡರೆ ವಿಮಾನವನ್ನು ಇಳಿಸಿಬಿಡಬೇಕು. ಅವು ನಮ್ಮ ಮೇಲೆ ಬೀಳುವುದುಂಟು, ಮತ್ತು ಪ್ರೊಪೆಲರಿಗೆ ಸಿಕ್ಕರೆ ಉಳಿಯವು.

ಗಾಳಿಯ ನಡೆಯನ್ನು ದೋಣಿಯವರ ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ನವೆಂಬರಿನಿಂದ ಮಾರ್ಚಿಯವರೆಗೆ ಬೆಳಗಿನ ಹೊತ್ತು ನೆಲದ ಕಡೆಯಿಂದ ಕಡಲಿಗೆ ಮೆಲುಗಾಳಿ. ಬಿಸಿಲೇರಿದಂತೆ ಅದು ಸತ್ತು, ಹನ್ನೊಂದರ ಸುಮಾರಿಗೆ ಪಡುವಣದಿಂದ ಕಡಲಗಾಳಿ ಎದ್ದು ಮಧ್ಯಾಹ್ನದ ಮೇಲೆ ಬಲಗೊಳ್ಳುತ್ತದೆ. ಮೋಟಾರಿನ ವಿಮಾನಕ್ಕೆ ಬೆಳಗಿನ ಏಳರಿಂದ ಒಂಬತ್ತರವರೆಗಿನ ಕಾಲ ಪ್ರಶಸ್ತ. ಗಾಳಿ ಮೊಗಚುವ ಹೊತ್ತಿನಲ್ಲಿ ಯಾವ ದಿಕ್ಕಿಗೆ ಏರಬೇಕು, ಯಾವ ದಿಕ್ಕಿಗೆ ಇಳಿಯಬೇಕು ಎಂಬುದೇ ತಿಳಿಯದು.

ಮಧ್ಯಾಹ್ನದ ಕಡಲಗಾಳಿಯನ್ನು ವ್ಯರ್ಥವಾಗಿ ಬಿಡಬೇಕಾಗಿಲ್ಲ. ಕಡಲಿಗೆ ಮುಖಮಾಡಿದ ಗುಡ್ಡಕ್ಕೆ ಬಡಿದ ಗಾಳಿ ಇಳಿಜಾರಿನುದ್ದಕ್ಕೂ ಮೇಲೇಳುತ್ತದೆ. ಆ ಏರುಗಾಳಿಯಲ್ಲಿ ಎಂಜಿನ್ನಿಲ್ಲದ ಮಾದರಿ ಬೇಕಾದಷ್ಟು ಹೊತ್ತು ತೇಲಬಲ್ಲದು. ಮೂರೂ ತಾಲೂಕುಗಳಲ್ಲಿ ಇಂಥ ಗುಡ್ಡಗಳಿಗೆ ಕೊರತೆಯಿಲ್ಲ. ಇಲ್ಲಿಗೆ ತಕ್ಕ ಪ್ರತಿಕೃತಿ ಯಾವುದೆಂದರೆ ನಮ್ಮ ಮರುತ್. ಅದರ ರೆಕ್ಕೆಯ ಅಗಲ 9 ಮೀಟರು, ಉದ್ದ 15.87 ಮೀಟರು, ರೆಕ್ಕೆಯ ವಿಸ್ತೀರ್ಣ 28 ಚದರ ಮೀಟರು. ಹತ್ತನೆಯ ಒಂದು ಪ್ರಮಾಣದಲ್ಲಿ ಅಗಲ 90 ಸೆಂಟಿಮೀಟರು, ಉದ್ದ 1.59 ಮೀಟರು, ವಿಸ್ತೀರ್ಣ 0.28 ಚದರ ಮೀಟರು. ಒಟ್ಟು ತೂಕ ಒಂದು ಕಿಲೋಗ್ರಾಂ ಮೀರದಂತೆ ಕಟ್ಟಿದರೆ ಗಂಟೆಗೆ 30 ಕಿಲೋಮೀಟರಿನ ಸುಮಾರಿನಲ್ಲಿ ತೇಲಲು ತೊಡಗುತ್ತದೆ. ಮೋಟಾರಿಲ್ಲ, ಪ್ರೊಪೆಲರಿಲ್ಲ, ದೊಡ್ಡ ಬ್ಯಾಟರಿಯಿಲ್ಲ; ಎರಡು ಸರ್ವೋ, ಒಂದು ಚಿಕ್ಕ ಗ್ರಾಹಕ ಸಾಕು. ಖರ್ಚು ಕಡಿಮೆ, ಬೆರಳು ತುಂಡಾಗುವ ಭಯವಿಲ್ಲ. 1959ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಎಂಜಿನ್ನಿಲ್ಲದೆ ಜಾರಿದ ಮರದ ಮರುತ್ ಹೇಗೆ ಕಂಡಿದ್ದೀತೆಂಬುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಮೊದಲ ವರ್ಷಕ್ಕೆ ಹಾಕ್‌ಗಿಂತ ಇದನ್ನೇ ಕೈಗೆತ್ತಿಕೊಳ್ಳುವುದು ವಿವೇಕ.

ಕಾನೂನಿನ ವಿಷಯವನ್ನು ಲಘುವಾಗಿ ಎಣಿಸಬಾರದು. 2021ರ ಡ್ರೋನ್ ನಿಯಮಗಳು ಶಿಕ್ಷಣಕ್ಕಾಗಿಯೋ ವಿನೋದಕ್ಕಾಗಿಯೋ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿ, ಅವುಗಳಿಗೆ ಮಾದರಿ ಪ್ರಮಾಣಪತ್ರದಿಂದ ವಿನಾಯಿತಿ ನೀಡಿದುವು. ಆದರೆ ಎಲ್ಲಿ ಬೇಕಾದರೂ ಹಾರಿಸಬಹುದೆಂದು ಇದರ ಅರ್ಥವಲ್ಲ. ವಾಯುಪ್ರದೇಶದ ನಕ್ಷೆಯಲ್ಲಿ ಹಸಿರು ವಲಯವೆಂದು ಗುರುತಿಸಿದಲ್ಲಿಯೇ, 120 ಮೀಟರು ಎತ್ತರದೊಳಗೆ ಹಾರಿಸತಕ್ಕದ್ದು. ಕಾರವಾರದಲ್ಲಿ ಕದಂಬ ನೌಕಾನೆಲೆಯೂ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವೂ ಇರುವ ಜಿಲ್ಲೆ ನಮ್ಮದು. ಪ್ರತಿಬಾರಿಯೂ ನಕ್ಷೆಯನ್ನು ಹೊಸದಾಗಿ ನೋಡಿ, ಸ್ಥಳೀಯ ಪೊಲೀಸ್ ಠಾಣೆಗೆ ಮುಖ್ಯೋಪಾಧ್ಯಾಯರ ಸಹಿಯ ಪತ್ರ ತಲುಪಿಸಿದ ಮೇಲೆಯೇ ಹೊರಡಬೇಕು. ರೆಕ್ಕೆಯ ಮೇಲೆ ಸೈನ್ಯದ ಗುರುತುಳ್ಳ ವಸ್ತುವೊಂದು ಕರಾವಳಿಯ ಆಕಾಶದಲ್ಲಿ ಕಂಡರೆ ಜನ ಗಾಬರಿಗೊಳ್ಳುವುದು ತಪ್ಪಲ್ಲ. ಲಿಥಿಯಂ ಬ್ಯಾಟರಿಗಳನ್ನು ಯಾರೂ ಇಲ್ಲದ ಕೋಣೆಯಲ್ಲಿ ಚಾರ್ಜಿಗೆ ಹಾಕಿಟ್ಟು ಮನೆಗೆ ಹೋಗಕೂಡದು. ಅವು ಹೊತ್ತಿಕೊಂಡರೆ ಪ್ರಯೋಗಶಾಲೆಯೇ ಉಳಿಯದು. ಮಣ್ಣಿನ ಕುಂಡದಲ್ಲಿಟ್ಟು, ಪಕ್ಕದಲ್ಲಿ ಒಣಮರಳಿನ ಬಕೆಟ್ಟನ್ನು ಇರಿಸಿಕೊಂಡು ಮಾಡಬೇಕಾದ ಕೆಲಸವದು.

ಅಳತೆಯನ್ನು ಪುಸ್ತಕದಿಂದ ಪಡೆಯುವುದು ಒಂದು ಬಗೆ, ವಿಮಾನವನ್ನೇ ಕಂಡು ಪಡೆಯುವುದು ಇನ್ನೊಂದು. ಕೊಂಕಣ ರೈಲು ಬಂದ ಮೇಲೆ ಭಟ್ಕಳ, ಹೊನ್ನಾವರ, ಕುಮಟಾಗಳಿಂದ ಗೋವೆ ದೂರವಲ್ಲ. 1998ರಲ್ಲಿ ತೆರೆದ ಅಲ್ಲಿನ ನೌಕಾವಿಮಾನ ವಸ್ತುಸಂಗ್ರಹಾಲಯದಲ್ಲಿ, ವಿಕ್ರಾಂತ ಹಡಗಿನಿಂದ ಹಾರುತ್ತಿದ್ದ ಸೀ ಹಾಕ್ ವಿಮಾನವಿದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, 2017ರಲ್ಲಿ ನಿವೃತ್ತವಾದ ಟುಪೊಲೆವ್-142 ವಿಮಾನವನ್ನು ನಿಲ್ಲಿಸಲಾಗಿದೆ. ಅದು ಯುದ್ಧವಿಮಾನವಲ್ಲ, ಕಡಲಗಾವಲಿನದು. ಆದರೆ ರೆಕ್ಕೆಯ ಬುಡ ಎಷ್ಟು ದಪ್ಪ, ತುದಿ ಎಷ್ಟು ತೆಳು ಎಂಬುದನ್ನು ಕೆಳಗೆ ನಿಂತು ನೋಡಲು ಅದಕ್ಕಿಂತ ದೊಡ್ಡ ಉದಾಹರಣೆ ಈ ಜಿಲ್ಲೆಯಲ್ಲಿಲ್ಲ. ಮರುತ್ ಕಟ್ಟಬೇಕೆನ್ನುವವರು ಮಾತ್ರ ಬೆಂಗಳೂರಿಗೇ ಹೋಗಬೇಕು. 2001ರಲ್ಲಿ ತೆರೆದ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿಯೂ ಕಬ್ಬನ್ ಉದ್ಯಾನದ ಬಳಿಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿಯೂ ಅದು ಇದೆ. ಹೋಗುವಾಗ ಅಳತೆಪಟ್ಟಿ, ದಾರದುಂಡೆ ಮತ್ತು ಚೌಕುಳಿ ಹಾಳೆಯ ಪುಸ್ತಕವನ್ನು ಒಯ್ಯಿರಿ. ಮುಟ್ಟಿ ಅಳೆಯಲು ಅನುಮತಿ ದೊರೆಯದಿದ್ದರೆ, ಪಕ್ಕದಲ್ಲಿ ಎತ್ತರ ಗೊತ್ತಿರುವ ಒಬ್ಬ ಹುಡುಗನನ್ನು ನಿಲ್ಲಿಸಿ ಛಾಯಾಚಿತ್ರ ತೆಗೆದುಕೊಂಡು ಬಂದರೂ ಉಳಿದ ಅಳತೆಗಳನ್ನು ತರಗತಿಯಲ್ಲಿ ತೆಗೆಯಬಹುದು.